ಡಾಕ್ಟರ್ ಹತ್ತಿರ ನಂಬರ್ ಹಿಡಿಯೋದು: ಚೀಟಿ, ಫೋನ್, ಆ್ಯಪ್, ಕ್ಯುಆರ್ ಕೋಡ್, ಯಾವುದು ವಾಸಿ?

ನಮ್ಮ ಮನೆಯಲ್ಲಿ ಡಾಕ್ಟರ್ ಹತ್ತಿರ ಓಡಾಟ ತಪ್ಪಿದ್ದಲ್ಲ. ಅಮ್ಮನಿಗೆ ಶುಗರ್, ಜೊತೆಗೆ ಬಿಪಿ. ಮಗಳಿಗೆ ಮಳೆಗಾಲ ಬಂತೆಂದರೆ ಕೆಮ್ಮು, ಜ್ವರ. ಮೈಸೂರಿನ ನಮ್ಮ ಬಡಾವಣೆಯ ಡಾಕ್ಟರಿಂದ ಹಿಡಿದು ಬೆಂಗಳೂರಿನ ದೊಡ್ಡ ಆಸ್ಪತ್ರೆಯವರೆಗೆ, ನಂಬರ್ ಹಿಡಿಯಲು ಇರುವ ದಾರಿಗಳನ್ನೆಲ್ಲ ಬಳಸಿ ನೋಡಿದ್ದೇನೆ. ಯಾವುದು ಒಳ್ಳೆಯದು ಅಂತ ತೂಗಲು ನನ್ನ ಅಳತೆ ಒಂದೇ: ನಮ್ಮ ಸರದಿ ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಾಗುತ್ತದಾ, ಇಲ್ಲವಾ? ಕಾಯುವುದು ಹೇಗೂ ಇದ್ದದ್ದೇ. ಆದರೆ ಅರವತ್ತು ದಾಟಿದವರು ಮನೆಯಲ್ಲಿ ಕಾಲು ಚಾಚಿ ಕಾಯುವುದಕ್ಕೂ ಕ್ಲಿನಿಕ್ಕಿನ ಬೆಂಚಿನ ಮೇಲೆ ಕಾಯುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಮೊದಲು ಹಳೆಯ ದಾರಿ. ನಮ್ಮ ಕಡೆ ಹಿರಿಯರು ಇವತ್ತಿಗೂ ‘ಡಾಕ್ಟ್ರ ಶಾಪು’ ಅಂತಲೇ ಅನ್ನುತ್ತಾರೆ. ಸಂಜೆ ಬಾಗಿಲು ತೆಗೆಯುವ ಮೊದಲೇ ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಒಂದು ಪೆನ್ನು. ಬಂದವರು ಹೆಸರು ಬರೆಯುತ್ತಾರೆ, ಹೊರಗೆ ಕಟ್ಟೆಯ ಮೇಲೆ ಕೂರುತ್ತಾರೆ. ಕೆಲವು ಕಡೆ ನೋಟ್‌ಬುಕ್ ಬದಲು ನಂಬರ್ ಬರೆದ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ. ಸ್ಮಾರ್ಟ್‌ಫೋನ್ ಬೇಡ, ಓಟಿಪಿ ಬೇಡ. ಮಗು ಜ್ವರದಿಂದ ಬಳಲುತ್ತಿದ್ದರೆ ಕಾಂಪೌಂಡರ್ ನೋಡಿದ ತಕ್ಷಣ ‘ಇವರನ್ನ ಮೊದಲು ಬಿಡಿ’ ಅನ್ನುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಕೆಲಸ ಯಾವ ಆ್ಯಪ್‌ನಿಂದಲೂ ಆಗುವುದನ್ನು ನಾನು ಕಂಡಿಲ್ಲ.

ಕಷ್ಟ ಏನೆಂದರೆ, ಹೆಸರು ಬರೆಸಲು ಒಬ್ಬರು ಬೇಗ ಹೋಗಬೇಕು. ಕೆಲಸಕ್ಕೆ ಹೋಗುವವರ ಮನೆಯಲ್ಲಿ ಸಂಜೆ ಐದಕ್ಕೆ ಯಾರಿರುತ್ತಾರೆ? ಅದೂ ಅಲ್ಲದೆ ಒಬ್ಬರೇ ಬಂದು ನಾಲ್ಕು ಮನೆಯವರ ಹೆಸರು ಬರೆದು ಹೋಗುವುದುಂಟು. ನಿಮ್ಮದು ಏಳನೇ ನಂಬರ್ ಅಂದುಕೊಂಡು ಕೂತರೆ ಲೆಕ್ಕವೇ ತಪ್ಪಿಹೋಗುತ್ತದೆ.

ಇನ್ನು ಫೋನ್. ನನ್ನ ಮಟ್ಟಿಗೆ ಬಡಾವಣೆಯ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಎರಡು ಸಲ ಫೋನ್ ಮಾಡಬೇಕು. ಬೆಳಗ್ಗೆ ಒಂದು ಸಲ, ನಂಬರ್ ಹಿಡಿಯಲು. ಸಂಜೆ ಇನ್ನೊಂದು ಸಲ, ‘ಈಗ ಎಷ್ಟನೇ ನಂಬರ್ ಓಡ್ತಿದೆ ಸಿಸ್ಟರ್?’ ಅಂತ ಕೇಳಲು. ಈ ಎರಡನೇ ಫೋನ್‌ನಲ್ಲೇ ಇರುವುದು ಎಲ್ಲಾ ಲಾಭ. ‘ಒಂಬತ್ತು ಒಳಗೆ ಹೋಗಿದೆ, ನೀವು ಅರ್ಧ ಗಂಟೆ ಬಿಟ್ಟು ಹೊರಡಿ’ ಅಂತ ಅವರು ಹೇಳಿದರೆ ಅಮ್ಮ ಕಾಫಿ ಕುಡಿದು ನಿಧಾನವಾಗಿ ಹೊರಡುತ್ತಾರೆ.

ಶುಗರ್ ಇರುವವರ ಮನೆಗೆ ಇದು ಇನ್ನೂ ಮುಖ್ಯ. ಟೆಸ್ಟ್ ಇರುವ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ಆಮೇಲೆ ತಿಂಡಿ. ತಿಂಡಿ ಶುರು ಮಾಡಿ 2 ಗಂಟೆಗೆ ಸರಿಯಾಗಿ ಮತ್ತೆ ರಕ್ತ. ರಿಪೋರ್ಟ್ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ. ಇಂಥ ದಿನ ಬೆಳಗಿನ ಹೊತ್ತಿಗೆ ನಂಬರ್ ಹಿಡಿದರೆ ರಿಪೋರ್ಟ್ ಇಲ್ಲದೆ ಹೋಗಿ ಸುಮ್ನೆ ಬಿಪಿ ನೋಡಿಸಿಕೊಂಡು ಬರಬೇಕು. ಫೋನ್‌ನಲ್ಲಿ ‘ಇವತ್ತು ಟೆಸ್ಟ್ ಇದೆ’ ಅಂದರೆ ಸಾಕು, ಸಿಸ್ಟರ್ ಅವರೇ ಸಂಜೆಯ ಕೊನೆಯ ನಂಬರ್‌ಗಳಲ್ಲಿ ಒಂದನ್ನು ಇಡುತ್ತಾರೆ. ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮೂರು ತಿಂಗಳಿಗೊಮ್ಮೆ ಮಾಡಿಸಲು ನಮ್ಮ ಡಾಕ್ಟರ್ ಹೇಳಿರುವುದರಿಂದ ನಾವು ಮುಂದಿನ ತಾರೀಖನ್ನು ಅಲ್ಲೇ ಫೈಲ್ ಮೇಲೆ ಬರೆಸಿಕೊಂಡು ಬರುತ್ತೇವೆ. ಡಾಕ್ಟರ್ ಊರಲ್ಲಿ ಇರುವುದಿಲ್ಲ ಅಂದರೆ ಕ್ಲಿನಿಕ್‌ನವರೇ ಫೋನ್ ಮಾಡಿ ತಿಳಿಸುತ್ತಾರೆ. ಫೋನ್‌ನ ಒಂದೇ ತೊಂದರೆ, ಜನ ಜಾಸ್ತಿ ಇರುವ ಸೋಮವಾರ ಅದು ಎಂಗೇಜ್ ಬರುತ್ತಲೇ ಇರುತ್ತದೆ. ಎತ್ತಿದವರು ಅವಸರದಲ್ಲಿ ಹೆಸರು ಬರೆಯುವುದು ಮರೆತರೆ ನಮ್ಮ ಹತ್ತಿರ ಪುರಾವೆ ಇರುವುದಿಲ್ಲ. ಅದಕ್ಕೇ ‘ನಂಬರ್ ಎಷ್ಟು?’ ಅಂತ ಕೇಳಿಸಿಕೊಂಡೇ ಫೋನ್ ಇಡಬೇಕು.

ಈಗ ಆ್ಯಪ್‌ಗಳ ವಿಷಯ. ನಮ್ಮ ನಾಡಿಗೂ ಇದಕ್ಕೂ ನೇರ ನಂಟಿದೆ. ಡಾಕ್ಟರ್ ಹುಡುಕಿ ಬುಕ್ ಮಾಡುವ ಪ್ರಾಕ್ಟೋ ಶುರುವಾಗಿದ್ದು 2008ರಲ್ಲಿ, ಬೆಂಗಳೂರಿನಲ್ಲಿ. ಶುರು ಮಾಡಿದವರು ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿದ ಇಬ್ಬರು. ಪರಿಚಯ ಇಲ್ಲದ ಊರಲ್ಲಿ ಹೊಸ ಸ್ಪೆಷಲಿಸ್ಟ್ ಬೇಕಾದಾಗ ಇಂಥ ಆ್ಯಪ್‌ಗಳು ನಿಜಕ್ಕೂ ಉಪಕಾರಿ. ಡಾಕ್ಟರ್ ಏನು ಓದಿದ್ದಾರೆ, ಫೀಸ್ ಎಷ್ಟು, ಯಾವ ದಿನ ಸಿಗುತ್ತಾರೆ, ಕನ್ನಡ ಮಾತಾಡುತ್ತಾರಾ, ಇವೆಲ್ಲ ಒಂದೇ ಕಡೆ ನೋಡಬಹುದು. ರಾತ್ರಿ ಹನ್ನೊಂದಕ್ಕೂ ಬುಕ್ ಮಾಡಬಹುದು. ಹಿಂದಿನ ದಿನ ನೆನಪಿಸುವ ಮೆಸೇಜ್ ಬರುತ್ತದೆ.

ಆದರೆ ಸಮಯ ತೋರಿಸಿದ ಮಾತ್ರಕ್ಕೆ ಆ ಸಮಯಕ್ಕೇ ಒಳಗೆ ಬಿಡುತ್ತಾರೆ ಅಂತಲ್ಲ. ಒಂದು ಖಾಸಗಿ ಆಸ್ಪತ್ರೆಯ ಸ್ವಂತ ಆ್ಯಪ್‌ನಲ್ಲಿ ಅಮ್ಮನ ಕಣ್ಣು ತೋರಿಸಲು 11.15ಕ್ಕೆ ಬುಕ್ ಮಾಡಿ, ದುಡ್ಡೂ ಕಟ್ಟಿ ಹೋದೆವು. ಕೌಂಟರ್‌ನಲ್ಲಿ ‘ಇಲ್ಲಿ ಟೋಕನ್ ತಗೊಳ್ಳಿ ಮೇಡಂ’ ಅಂದರು. ಟೋಕನ್ ಪ್ರಕಾರ ನೇರವಾಗಿ ಬಂದವರೆಲ್ಲ ನಮಗಿಂತ ಮುಂದೆ. ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿದಾಗ ಊಟದ ಹೊತ್ತು. ಇದು ಸಣ್ಣ ವಿಷಯ ಅಲ್ಲ. ಶುಗರ್ ಮಾತ್ರೆ ತೆಗೆದುಕೊಂಡು ಊಟ ತಡವಾದರೆ ತಲೆ ಸುತ್ತು ಬರುತ್ತದೆ. ಹಾಗಾಗಿ ಈಗ ಆ್ಯಪ್‌ನಲ್ಲಿ ಬುಕ್ ಮಾಡಿದ ಮೇಲೂ ಕೌಂಟರ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತೇನೆ: ‘ಬುಕ್ ಮಾಡಿದವರಿಗೆ ಬೇರೆ ಸಾಲು ಇದೆಯಾ?’ ರಿಪೋರ್ಟ್ ತೋರಿಸುವುದನ್ನೂ ಕೇಳಿಕೊಳ್ಳಿ. ಹಲವು ಕ್ಲಿನಿಕ್‌ಗಳಲ್ಲಿ ಒಂದು ವಾರದೊಳಗೆ ರಿಪೋರ್ಟ್ ತಂದರೆ ಫೀಸ್ ಇರುವುದಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಅದೂ ಹೊಸ ಭೇಟಿ ಅಂತ ಸೇರಿ ಪೂರ್ತಿ ಫೀಸ್ ಬೀಳಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಕಾಯುವುದು ಎರಡು ಕಡೆ. ಓಪಿಡಿ ಚೀಟಿ ಮಾಡಿಸಲು ಒಂದು ಸಾಲು, ಡಾಕ್ಟರ್ ಕೋಣೆ ಮುಂದೆ ಇನ್ನೊಂದು ಸಾಲು. 2022ರ ಅಕ್ಟೋಬರ್‌ನಲ್ಲಿ ಬಂದ ‘ಸ್ಕ್ಯಾನ್ ಆ್ಯಂಡ್ ಶೇರ್’ ಮೊದಲ ಸಾಲನ್ನು ಕಡಿಮೆ ಮಾಡುತ್ತದೆ. ಗೋಡೆಗೆ ಅಂಟಿಸಿದ ಕ್ಯುಆರ್ ಕೋಡ್ ಅನ್ನು ಆಭಾ (ಸರ್ಕಾರದ ಆರೋಗ್ಯ ಗುರುತಿನ ಖಾತೆ) ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ಎಲ್ಲ ಕೌಂಟರಿನ ಕಂಪ್ಯೂಟರ್‌ಗೆ ಹೋಗುತ್ತದೆ, ಮೊಬೈಲ್‌ಗೆ ಟೋಕನ್ ನಂಬರ್ ಬರುತ್ತದೆ. ಕಿಟಕಿಯೊಳಗೆ ಕೂಗಿ ಕೂಗಿ ಹೆಸರು ಹೇಳುವ ಕಷ್ಟ ಇಲ್ಲ. ಎರಡನೇ ಸಾಲು ಮಾತ್ರ ಹಾಗೇ ಇರುತ್ತದೆ, ಅದನ್ನು ತಿಳಿದೇ ಹೋಗಿ.

ಇದಕ್ಕೆ 14 ಅಂಕಿಯ ಆಭಾ ನಂಬರ್ ಬೇಕು. ಆಧಾರ್‌ನಿಂದ ಮಾಡಿಸುವಾಗ ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ಅಮ್ಮನ ಆಧಾರ್‌ಗೆ ಇದ್ದದ್ದು ಎಂದೋ ಬಿಟ್ಟುಹೋದ ನಂಬರ್. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಬದಲಿಸಬೇಕಾಯಿತು. ನಿಮ್ಮ ಮನೆಯ ಹಿರಿಯರದ್ದನ್ನು ಹುಷಾರಾಗಿರುವಾಗಲೇ ಮಾಡಿಸಿಡಿ. ಜ್ವರ ಬಂದ ದಿನ ಆಸ್ಪತ್ರೆ ಬಾಗಿಲಲ್ಲಿ ನಿಂತು ಮಾಡುವ ಕೆಲಸ ಅಲ್ಲ ಅದು.

ನಿಮ್ಹಾನ್ಸ್‌ನಂಥ ದೊಡ್ಡ ಸರ್ಕಾರಿ ಸಂಸ್ಥೆಗಳಿಗೆ ದೂರದ ಊರಿಂದ ಹೋಗುವವರು ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸುವ ಸರ್ಕಾರದ ಓಆರ್‌ಎಸ್ ವೆಬ್‌ಸೈಟ್ ನೋಡಬಹುದು. 2015ರಿಂದ ಇದೆ. ರಾತ್ರಿ ಬಸ್ಸಿಗೆ ಹೊರಡುವ ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಬಹುದು. 2022ರ ಡಿಸೆಂಬರ್‌ನಿಂದ ಶುರುವಾದ, ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿಗೆ ಬುಕಿಂಗ್ ಗೊಡವೆಯೇ ಇಲ್ಲ, ನೇರವಾಗಿ ಹೋಗುವುದು.

ಮನೆಯಿಂದಲೇ ತೋರಿಸುವ ಇ-ಸಂಜೀವಿನಿ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ ಮನೆಮನೆಗೆ ಬಂತು. ಪೂರ್ತಿ ಉಚಿತ. ಮೊಬೈಲ್ ನಂಬರ್ ಹಾಕಿ ಟೋಕನ್ ತೆಗೆದುಕೊಂಡರೆ ವಿಡಿಯೋದಲ್ಲಿ ಡಾಕ್ಟರ್ ಸಿಗುತ್ತಾರೆ, ಮಾತ್ರೆ ಚೀಟಿ ಮೊಬೈಲ್‌ಗೇ ಬರುತ್ತದೆ. ಮಗಳ ಮೈಮೇಲೆ ಎದ್ದ ಗಂಧೆಗೆ ಇದರಲ್ಲೇ ಔಷಧಿ ಸಿಕ್ಕಿತು. ಆದರೆ ಸಿಗುವವರು ನಮ್ಮ ಡಾಕ್ಟರ್ ಅಲ್ಲ, ಹಳೆಯ ಕಥೆ ಎಲ್ಲ ಮೊದಲಿಂದ ಹೇಳಬೇಕು. ಹೊಟ್ಟೆ ಒತ್ತಿ ನೋಡಬೇಕಾದ, ಎದೆಗೆ ಸ್ಟೆತಸ್ಕೋಪ್ ಇಡಬೇಕಾದ ಕಾಯಿಲೆಗೆ ಇದನ್ನು ನೆಚ್ಚಬೇಡಿ. ಎದೆನೋವು, ಉಸಿರಾಟದ ತೊಂದರೆ ಅಂದರೆ ಯಾವ ಬುಕಿಂಗೂ ಬೇಡ, 108ಕ್ಕೆ ಫೋನ್ ಮಾಡಿ.

ಈಗ ನಮ್ಮ ಮನೆಯಲ್ಲಿ ಅಮ್ಮನ ಶುಗರ್, ಬಿಪಿಗೆ ಫೋನ್. ಹೊಸ ಸ್ಪೆಷಲಿಸ್ಟ್‌ಗೆ ಆ್ಯಪ್, ಜೊತೆಗೆ ಕೌಂಟರ್‌ಗೆ ಒಂದು ಫೋನ್. ಸರ್ಕಾರಿ ಆಸ್ಪತ್ರೆಗೆ ಆಭಾ. ಮಗಳಿಗೆ ದಿಢೀರ್ ಜ್ವರ ಬಂದರೆ ಸೀದಾ ಡಾಕ್ಟ್ರ ಶಾಪಿಗೇ ಹೋಗುತ್ತೇವೆ.

ಕ್ಲಿನಿಕ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ ಇದೆ. ಹೊಸ ಆ್ಯಪ್ ಮಾಡಿಸುವ ಖರ್ಚು ಬೇಡ. ಕ್ಲಿನಿಕ್ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ‘ಈಗ 12ನೇ ನಂಬರ್’ ಅಂತ ಆಗಾಗ ಹಾಕಿ. ಮೊಣಕಾಲು ನೋವಿನವರು, ಎಳೆ ಮಗು ಎತ್ತಿಕೊಂಡವರು ಅದನ್ನು ನೋಡಿಕೊಂಡು ಮನೆಯಿಂದ ಹೊರಡುತ್ತಾರೆ. ನಿಮ್ಮ ಸಿಸ್ಟರ್‌ಗೂ ಅದೇ ಪ್ರಶ್ನೆಗೆ ಸಂಜೆಯೆಲ್ಲ ಉತ್ತರ ಕೊಡುವುದು ತಪ್ಪುತ್ತದೆ.