"ಕ್ಯಾಂಪಸ್ ಲೈಫ್ ಸೂಪರ್" ಅಂದ್ರೆ ಮೊದ್ಲು ಟೈಮ್‌ಟೇಬಲ್ ತೋರಿಸಿ ಅನ್ನಿ

ಎರಡು ಯೂನಿವರ್ಸಿಟೀಲಿ ಸೀಟ್ ಸಿಕ್ಕಿ ಯಾವ್ದಕ್ಕೆ ಹೋಗ್ಲಿ ಅಂತ ತಲೆ ಕೆಡಿಸ್ಕೊಂಡಿರೋರು ಇದನ್ನ ಓದಿ. ಒಂದ್ಕಡೆ ಓದು ಚೆನ್ನಾಗಿದೆ ಆದ್ರೆ ಕ್ಯಾಂಪಸ್ ಬೋರು, ಇನ್ನೊಂದ್ಕಡೆ ಓದು ಪರ್ವಾಗಿಲ್ಲ ಆದ್ರೆ ಲೈಫು ಸಕತ್ತು, ಹೀಗಂತ ಯಾರಾದ್ರೂ ನಿಮ್ಮುಂದೆ ತಕ್ಕಡಿ ಹಿಡಿದ್ರೆ ದಯವಿಟ್ಟು ನಂಬ್ಬೇಡಿ. ನಂಗೂ ಹೀಗೇ ಹೇಳಿದ್ರು, ನಾನು ಎರಡನೇದಕ್ಕೆ ಸೇರ್ದೆ, ಅಲ್ಲಿ ಓದೂ ಇರ್ಲಿಲ್ಲ ಲೈಫೂ ಇರ್ಲಿಲ್ಲ. ಹೆಸರು ಹೇಳಲ್ಲ, ಇನ್‌ಬಾಕ್ಸಿಗೆ ಬಂದು ಕೇಳ್ಬೇಡಿ, ಇಂಥವು ಎಲ್ಲಾ ದೇಶದಲ್ಲೂ ಇವೆ.

ಸೇರೋಕೆ ಮುಂಚೆ ಕ್ಯಾಂಪಸ್ ತೋರಿಸೋ ಓಪನ್ ಡೇ ದಿನ ನೋಡ್ಬೇಕಿತ್ತು ನೀವು. ಹುಲ್ಲಿನ ಮೇಲೆ ಸಾಲಾಗಿ ಕ್ಲಬ್ಬುಗಳ ಸ್ಟಾಲು, ಡ್ರಾಮಾ, ರೋಬಾಟಿಕ್ಸ್, ಟ್ರೆಕಿಂಗ್, ಡಿಬೇಟು, ಒಂದು ಕಡೆ ಗಿಟಾರು ಬೇರೆ. ನಮ್ಮನ್ನ ಸುತ್ತಾಡಿಸಿದ ಹುಡುಗ ಎಷ್ಟು ಚೆನ್ನಾಗಿ ಮಾತಾಡ್ದ ಅಂದ್ರೆ ಅವತ್ತೇ ಫೀಸ್ ಕಟ್ಟೋಣ ಅನ್ನಿಸ್ತು, ಆಮೇಲೆ ಗೊತ್ತಾಯ್ತು ಆ ಕೆಲಸಕ್ಕೆ ಅಡ್ಮಿಷನ್ ಆಫೀಸಿನಿಂದ ಅವನಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಬರ್ತಿತ್ತು ಅಂತ. ತಪ್ಪೇನಿಲ್ಲ ಬಿಡಿ, ಆದ್ರೆ ಸಂಬಳ ತಗೊಳ್ಳೋನು "ಇಲ್ಲಿ ಶನಿವಾರ ಭಾನುವಾರ ನಾಯಿನೂ ಇರಲ್ಲ" ಅಂತ ಹೇಳ್ತಾನಾ? ಇರ್ತಿರ್ಲಿಲ್ಲ, ನಿಜವಾಗ್ಲೂ. ಹಾಸ್ಟೆಲ್ ಗ್ಯಾರಂಟಿ ಬರೀ ಫಸ್ಟ್ ಇಯರ್‌ಗೆ, ಆಮೇಲೆ ಊರಲ್ಲಿ ರೂಮ್ ಹುಡ್ಕೊಳ್ಳಿ ಅಂತಾರೆ, ಹಂಗಾಗಿ ಸೀನಿಯರ್ಸ್ ಎಲ್ಲಾ ದಿನಾ ಮನೆಯಿಂದ ಓಡಾಡೋರೇ, ಕೊನೇ ಕ್ಲಾಸ್ ಮುಗೀತಿದ್ದಂಗೆ ಬಸ್ಸು ಟ್ರೈನು ಹಿಡಿದು ಹೊರಟುಬಿಡೋರು, ಕ್ಲಬ್ ಮೀಟಿಂಗ್ ಇರೋದು ಸಂಜೆ. ಬರೋರು ಯಾರು? ವೆಬ್‌ಸೈಟಲ್ಲಿ ಪಟ್ಟಿ ಮಾಡಿದ್ದ ಕ್ಲಬ್ಬುಗಳಿಗೆ ಮೇಲ್ ಹಾಕಿದ್ರೆ ಮುಕ್ಕಾಲು ಪಾಲು ಉತ್ತರಾನೇ ಇಲ್ಲ, ಒಂದರ ಸೆಕ್ರೆಟರಿ ಪಾಸಾಗಿ ಹೋಗಿ ಯಾವ ಕಾಲ ಆಗಿತ್ತೋ.

ಇದನ್ನೂ ಸಹಿಸ್ಕೋಬೋದಿತ್ತು. ನಿಜವಾದ ಏಟು ಬಿದ್ದಿದ್ದು ಟೈಮ್‌ಟೇಬಲ್ಲಿಂದ, ಇದ್ರ ಬಗ್ಗೆ ಯಾರೂ ಮಾತಾಡಲ್ಲ ಅದಕ್ಕೇ ಉದ್ದಕ್ಕೆ ಬರೀತಿದೀನಿ. ದೊಡ್ಡ ಹಾಲಲ್ಲಿ ನೂರಾರು ಜನಕ್ಕೆ ಒಟ್ಟಿಗೆ ಲೆಕ್ಚರು, ಅದರ ರೆಕಾರ್ಡಿಂಗೂ ಹಾಕ್ತಾರೆ, ಸೋ ಒಂದೆರಡು ವಾರ ಆದ್ಮೇಲೆ ಅರ್ಧ ಹಾಲು ಖಾಲಿ. ಟ್ಯುಟೋರಿಯಲ್ (ಲೆಕ್ಚರ್ ಬಿಟ್ಟು ಸಣ್ಣ ಗುಂಪಲ್ಲಿ ನಡೆಯೋ ಕ್ಲಾಸು) ಗುಂಪು ಪ್ರತಿ ಸೆಮಿಸ್ಟರ್ ಸಾಫ್ಟ್‌ವೇರು ಕಲಸಿ ಹಂಚುತ್ತೆ. ಒಬ್ಬನ ಮುಖ ಪರಿಚಯ ಆಗಿ, ಹೆಸರು ಕೇಳಿ, ಅಸೈನ್‌ಮೆಂಟ್ ಒಟ್ಟಿಗೆ ಮಾಡೋಣ್ವಾ ಅನ್ನೋ ಹೊತ್ತಿಗೆ ಅವನು ಶುಕ್ರವಾರದ ಬ್ಯಾಚಿಗೆ, ನಾನು ಸೋಮವಾರದ ಬ್ಯಾಚಿಗೆ. ನಾನೇನು ಮೂಲೇಲಿ ಮುದುರ್ಕೊಂಡು ಕೂರೋ ಪೈಕಿ ಅಲ್ಲ, ಆದ್ರೂ ಮೊದಲ ವರ್ಷ ಮುಗಿಯೋ ಹೊತ್ತಿಗೆ ಹುಷಾರಿಲ್ಲ ಅಂದ್ರೆ ಫೋನ್ ಮಾಡೋಕೆ ಕ್ಯಾಂಪಸ್ಸಲ್ಲಿ ಒಬ್ರೂ ಇರ್ಲಿಲ್ಲ.

ಆಮೇಲೆ ಇದ್ರ ಬಗ್ಗೆ ಓದ್ದೆ. ಫೆಸ್ಟಿಂಗರ್, ಷಾಕ್ಟರ್, ಬ್ಯಾಕ್ ಅಂತ ಮೂವರು ಸಂಶೋಧಕರು ಅಮೆರಿಕಾದ ಎಂಐಟಿಯ ವಿದ್ಯಾರ್ಥಿಗಳ ಮನೆಗಳ ಮೇಲೆ ಮಾಡಿದ ಅಧ್ಯಯನ 1950ರಲ್ಲೇ ಬಂದಿದೆ, ಯಾರು ಯಾರಿಗೆ ಫ್ರೆಂಡ್ ಆದ್ರು ಅನ್ನೋದಕ್ಕೆ ದೊಡ್ಡ ಕಾರಣ ಯಾರ ಬಾಗಿಲು ಯಾರ ಬಾಗಿಲಿಗೆ ಹತ್ತಿರ, ಯಾರು ದಿನಾ ಮೆಟ್ಟಿಲ ಹತ್ರ ಎದುರಾಗ್ತಾರೆ ಅನ್ನೋದು. ಜೆಫ್ರಿ ಹಾಲ್ ಅನ್ನೋ ಪ್ರೊಫೆಸರ್ 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ ಪರಿಚಯದವರು ಸಾಧಾರಣ ಫ್ರೆಂಡ್ ಆಗೋಕೇ ಸುಮಾರು 50 ಗಂಟೆ ಜೊತೇಲಿ ಕಳೀಬೇಕು, ಗಾಢ ಸ್ನೇಹಕ್ಕೆ 200 ಗಂಟೆಗೂ ಮೇಲೆ. ವರ್ಷಕ್ಕೊಂದ್ಸಲ ಫೆಸ್ಟಲ್ಲಿ ಕುಣಿದ್ರೆ 200 ಗಂಟೆ ಎಲ್ಲಿಂದ ಬರುತ್ತೆ ಹೇಳಿ.

ಈಗ ಆ "ಬೋರು" ಯೂನಿವರ್ಸಿಟಿ ಕಥೆ ಕೇಳಿ. ನನ್ನ ಸ್ಕೂಲ್ ಫ್ರೆಂಡ್ ಒಬ್ಳು ಅಲ್ಲಿಗೆ ಹೋದ್ಳು. ಹತ್ತು ಹನ್ನೆರಡು ಜನದ ಟ್ಯುಟೋರಿಯಲ್ ಗುಂಪು, ವರ್ಷಪೂರ್ತಿ ಅದೇ ಜನ, ವಾರ ವಾರ ಪ್ರಾಬ್ಲಂ ಶೀಟು, ಅದೂ ಒಬ್ರೇ ಕೂತು ಬಿಡಿಸೋಕೆ ಆಗದೇ ಇರೋ ಥರದ್ದು. ಮೊದಮೊದ್ಲು ಬರೀ ಗೋಳು ಅವಳದ್ದು, ಪರೀಕ್ಷೆ ಟೈಮಲ್ಲಿ ಫೋನಲ್ಲಿ ಅತ್ತಿದ್ದೂ ಇದೆ, ಅದನ್ನ ಮುಚ್ಚಿಡಲ್ಲ. ಆದ್ರೆ ಆ ಶೀಟ್ ಬಿಡಿಸೋಕೆ ಅಂತ ಲೈಬ್ರರೀಲಿ ರಾತ್ರಿವರೆಗೂ ಕೂರ್ತಿದ್ದ ಗುಂಪೇ ಆಮೇಲೆ ಒಟ್ಟಿಗೆ ಮನೆ ಮಾಡ್ತು, ಟೂರ್ ಹೋಯ್ತು, ಜಗಳ ಆಡ್ತು, ಈಗ್ಲೂ ಜೊತೆಗಿದೆ. ಪಾರ್ಟಿ ಗೀರ್ಟಿ ಕಮ್ಮಿನೇ. ಅಂದ್ರೆ ಗಟ್ಟಿ ಓದಿನಿಂದಾನೇ ಅವಳಿಗೆ ಜನ ಸಿಕ್ಕಿದ್ದು, ನಮ್ಮಲ್ಲಿ ಓದು ಸಡಿಲ ಇದ್ದಿದ್ರಿಂದಾನೇ ಯಾರಿಗೂ ಯಾರೂ ಬೇಕಾಗ್ಲಿಲ್ಲ.

ಹಂಗಂತ ರ‍್ಯಾಂಕಿಂಗ್ ನೋಡಿ ಸೇರ್ಕೊಳ್ಳಿ ಅಂತ ಹೇಳ್ತಿಲ್ಲ ಮತ್ತೆ. ಕ್ಯೂಎಸ್ ಅನ್ನೋ ಜಾಗತಿಕ ಯೂನಿವರ್ಸಿಟಿ ರ‍್ಯಾಂಕಿಂಗ್ ಪಟ್ಟೀಲಿ 30 ಪರ್ಸೆಂಟ್ ಅಂಕ ಬರೋದು ಬೇರೆ ಕಡೆಯ ಪ್ರೊಫೆಸರ್‌ಗಳ ಅಭಿಪ್ರಾಯ ಕೇಳಿ, 20 ಪರ್ಸೆಂಟ್ ರಿಸರ್ಚ್ ಪೇಪರ್ ಸೈಟೇಷನ್ನಿಗೆ, ಅಂದ್ರೆ ಆ ಪೇಪರನ್ನ ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ರು ಅನ್ನೋದಕ್ಕೆ. ನಿಮ್ಮ ಟ್ಯುಟೋರಿಯಲ್‌ನಲ್ಲಿ ಎಷ್ಟು ಜನ ಅನ್ನೋದನ್ನ ಅದು ಅಳೆಯಲ್ಲ. ಡೇಲ್ ಮತ್ತು ಕ್ರೂಗರ್ ಅನ್ನೋ ಸಂಶೋಧಕರ 2002ರ ಸ್ಟಡಿ ಪ್ರಕಾರ ಅಮೆರಿಕಾದಲ್ಲಿ ಭಾರೀ ಪೈಪೋಟಿಯ ಕಾಲೇಜಲ್ಲಿ ಸೀಟ್ ಸಿಕ್ಕೂ ಬೇರೆ ಕಡೆ ಹೋದೋರು ಹೆಚ್ಚುಕಮ್ಮಿ ಅಷ್ಟೇ ಸಂಪಾದಿಸಿದ್ರು, ಬಡ ಮನೆಯಿಂದ ಬಂದೋರಿಗೆ ಮಾತ್ರ ದೊಡ್ಡ ಕಾಲೇಜಿಂದ ಲಾಭ ಇತ್ತು. ಪ್ಲೇಸ್‌ಮೆಂಟಿನ ಆವರೇಜ್ ಸಂಬಳನೂ ಅಷ್ಟೇ, ಒಂದಿಬ್ಬರಿಗೆ ಭರ್ಜರಿ ಆಫರ್ ಬಂದ್ರೆ ಎಲ್ಲರದ್ದೂ ಏರಿದಂಗೆ ಕಾಣುತ್ತೆ, ಮೀಡಿಯನ್, ಅಂದ್ರೆ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಇಟ್ರೆ ಸರಿಯಾಗಿ ಮಧ್ಯದಲ್ಲಿ ಬರೋ ಸಂಬಳ, ಎಷ್ಟು ಅಂತ ಕೇಳಿ.

ಕೇಳೋದೇ ಆದ್ರೆ ಓಪನ್ ಡೇ ಬಿಟ್ಟು ಮಾಮೂಲಿ ವಾರದ ದಿನ ಸಂಜೆ ಹೋಗಿ, ಆಗ್ದಿದ್ರೆ ಈಗ ಓದ್ತಿರೋ ಸೆಕೆಂಡ್ ಇಯರ್ ಹುಡುಗರಿಗೆ ಮೆಸೇಜ್ ಹಾಕಿ: ಟ್ಯುಟೋರಿಯಲ್ ಗುಂಪು ಬದಲಾಗುತ್ತಾ, ವೀಕೆಂಡ್ ಎಷ್ಟು ಜನ ಉಳೀತಾರೆ, ಹೋದ ವಾರ ಯಾವ ಕ್ಲಬ್ ಸೇರಿತ್ತು. ಕ್ಯಾಟಲಾಗಲ್ಲಿ ಇರೋ ಎಲೆಕ್ಟಿವ್ (ನಾವೇ ಆರಿಸ್ಕೊಳ್ಳೋ ಸಬ್ಜೆಕ್ಟು) ಈ ವರ್ಷ ನಿಜವಾಗ್ಲೂ ನಡೀತಿದ್ಯಾ ಅಂತಾನೂ ಕೇಳಿ, ನಾನು ಯಾವ ಪ್ರೊಫೆಸರ್ ಹೆಸರು ನೋಡಿ ಸೇರಿದ್ನೋ ಅವರು ಬರೀ ಪಿಎಚ್‌ಡಿಯವರಿಗೆ ಪಾಠ ಮಾಡ್ತಿದ್ರು.

ಇನ್ನೊಂದು. ಸರಿಹೋಗ್ಲಿಲ್ಲ ಅಂದ್ರೆ ಟ್ರಾನ್ಸ್‌ಫರ್ ಆದ್ರಾಯ್ತು ಅಂದ್ಕೊಂಡಿದ್ರೆ, ನಿಮ್ಮ ಕ್ರೆಡಿಟ್, ಅಂದ್ರೆ ಈಗಾಗ್ಲೇ ಪಾಸಾದ ಪೇಪರ್‌ಗಳ ಲೆಕ್ಕ, ಒಪ್ಕೊಳ್ಳೋದೂ ಬಿಡೋದೂ ಹೊಸ ಯೂನಿವರ್ಸಿಟಿ ಇಷ್ಟ. ನಾನು ಬದಲಾಯಿಸಿದಾಗ ಸಿಲಬಸ್ ಹೊಂದಲ್ಲ ಅಂತ ಅರ್ಧಕ್ಕರ್ಧ ಪೇಪರ್ ತಿರಸ್ಕಾರ, ಅವನ್ನೆಲ್ಲ ಮತ್ತೆ ಓದಿ ಮತ್ತೆ ಬರೆದೆ, ಫೀಸೂ ಮತ್ತೆ. ಅದಕ್ಕೇ ರೀಫಂಡ್ ರೂಲ್ಸು, ಕ್ರೆಡಿಟ್ ರೂಲ್ಸು ಎರಡನ್ನೂ ಫೀಸ್ ಕಟ್ಟೋಕೆ ಮುಂಚೆ ಇಮೇಲಲ್ಲಿ ಬರೆಸ್ಕೊಳ್ಳಿ. "ಇವತ್ತೇ ಕೊನೇ ದಿನ, ಸೀಟ್ ಹೋಗಿಬಿಡುತ್ತೆ" ಅಂತ ಫೋನ್ ಬಂದ್ರೆ ಅದನ್ನೂ ಮೇಲಲ್ಲೇ ಕಳಿಸಿ ಅನ್ನಿ, ನಂಗೆ ಫೋನ್ ಮಾಡಿದೋರು ಆ ಮೇಲ್ ಕಳಿಸ್ಲೇ ಇಲ್ಲ.