ಗೋದಾಮಿನಲ್ಲಿ ಆರ್‌ಎಫ್‌ಐಡಿ: ಕೆಲವು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ನಮ್ಮ ಗೋದಾಮಿಗೆ ಆರ್‌ಎಫ್‌ಐಡಿ, ಅಂದರೆ ಸರಕಿಗೆ ಅಂಟಿಸಿದ ಚಿಪ್ ಇರುವ ಟ್ಯಾಗನ್ನು ರೇಡಿಯೋ ಅಲೆಯಿಂದ ಓದುವ ವ್ಯವಸ್ಥೆ, ಬಂದು ಕೆಲವು ವರ್ಷಗಳಾದವು. ಸ್ಟಾಕ್ ಲೆಕ್ಕ ನನ್ನ ಜವಾಬ್ದಾರಿ, ಹಾಗಾಗಿ ದಿನವಿಡೀ ಇದರ ಜೊತೆಗೇ ಕೆಲಸ. ಮತ್ತೆ ಬರೀ ಬಾರ್‌ಕೋಡ್‌ನಲ್ಲೇ ನಡೆಸಿ ಅಂದರೆ ನಾನು ಒಪ್ಪುವುದಿಲ್ಲ. ಆದರೆ ಮಾರಲು ಬರುವವರು ಅಷ್ಟಾಗಿ ಹೇಳದ ಒಂದು ವಿಷಯವಿದೆ. ಟ್ಯಾಗ್ ಓದದೇ ಇರುವುದಕ್ಕಿಂತ, ಬೇಡದ ಟ್ಯಾಗ್ ಓದುವುದೇ ಜಾಸ್ತಿ ತಲೆನೋವು.

ನಾವು ಬಳಸುವುದು ಬ್ಯಾಟರಿ ಇಲ್ಲದ ಯುಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ ರೇಡಿಯೋ ಅಲೆ) ಟ್ಯಾಗ್. ರೀಡರ್ ಬಿಡುವ ಅಲೆಯಿಂದಲೇ ಚಿಪ್‌ಗೆ ಶಕ್ತಿ ಸಿಗುತ್ತದೆ, ಅದು ತನ್ನ ನಂಬರ್ ಹೇಳುತ್ತದೆ. ಬಾರ್‌ಕೋಡ್‌ನಂತೆ ಲೇಬಲ್ ಕಣ್ಣೆದುರು ಇರಬೇಕಿಲ್ಲ. ಬಟ್ಟೆ, ಚಪ್ಪಲಿಗಳ ಸಾಲಿನಲ್ಲಿ ಹ್ಯಾಂಡ್‌ಹೆಲ್ಡ್ ರೀಡರ್ ಹಿಡಿದು ನಡೆದರೆ ಸಾಕು, ಪೆಟ್ಟಿಗೆ ಬಿಚ್ಚದೆಯೇ ಎಣಿಕೆ ಮುಗಿಯುತ್ತದೆ. ಮೊದಲೆಲ್ಲ ಎಣಿಕೆಗಾಗಿ ಕೆಲಸ ನಿಲ್ಲಿಸುತ್ತಿದ್ದೆವು. ಈಗ ಆ ಮಾತೇ ಇಲ್ಲ. ಕಳೆದುಹೋದ ಪೆಟ್ಟಿಗೆ ಹುಡುಕುವುದಕ್ಕೂ ಇದೇ ಯಂತ್ರ. ನಂಬರ್ ಹಾಕಿ ಹೊರಟರೆ, ಹತ್ತಿರವಾದಷ್ಟೂ ಬೀಪ್ ಚುರುಕಾಗುತ್ತದೆ. ನನಗೆ ತುಂಬಾ ಇಷ್ಟವಾದ ಸೌಲಭ್ಯ ಇದು.

ಕಷ್ಟ ಶುರುವಾಗುವುದು ಲೋಡಿಂಗ್ ಬಾಗಿಲಲ್ಲಿ. ನಾಲ್ಕನೇ ಬಾಗಿಲಿಗೆ ಹೋಗಬೇಕಾದ ಪ್ಯಾಲೆಟ್ (ಪೆಟ್ಟಿಗೆ ಪೇರಿಸಿದ ಹಲಗೆ) ಹೊತ್ತ ಫೋರ್ಕ್‌ಲಿಫ್ಟ್ ಮೂರನೇ ಬಾಗಿಲ ಮುಂದೆ ಹಾದುಹೋಗುತ್ತದೆ. ಮೂರರಲ್ಲಿ ಕೂರಿಸಿದ ರೀಡರ್‌ನ ಆಂಟೆನಾ ಅದನ್ನೂ ಓದಿಬಿಡುತ್ತದೆ. ಸಿಸ್ಟಮ್ ಪ್ರಕಾರ ಸರಕು ಬೇರೆ ಲಾರಿ ಹತ್ತಿದೆ! ಪವರ್ ಇಳಿಸಿದರೆ ಪ್ಯಾಲೆಟ್‌ನ ನಡುವಿನ ಪೆಟ್ಟಿಗೆಗಳು ತಪ್ಪುತ್ತವೆ, ಏರಿಸಿದರೆ ಪಕ್ಕದ ಬಾಗಿಲ ಸರಕೂ ಬರುತ್ತದೆ. ಕೊನೆಗೆ ನಮಗೆ ಕೈಹಿಡಿದದ್ದು ಸೆನ್ಸರ್. ಗಾಡಿ ಬಾಗಿಲೊಳಗೆ ಬಂದಾಗ ಮಾತ್ರ ರೀಡರ್ ಶುರುವಾಗಬೇಕು, ಸಿಗ್ನಲ್ ಕ್ಷೀಣವಾಗಿರುವ ಟ್ಯಾಗ್‌ಗಳನ್ನು ಸಾಫ್ಟ್‌ವೇರ್ ಬಿಟ್ಟುಬಿಡಬೇಕು. ಇದನ್ನು ಬಾಗಿಲು ಬಾಗಿಲಿಗೂ ಬೇರೆ ಬೇರೆಯಾಗಿ ಹೊಂದಿಸಬೇಕು. ಹತ್ತಿರದಲ್ಲಿ ಒಂದು ಕಬ್ಬಿಣದ ರ್‍ಯಾಕ್ ಸರಿಸಿದರೂ ಅಲೆ ಪುಟಿಯುವ ರೀತಿ ಬದಲಾಗುತ್ತದೆ, ಮತ್ತೆ ಮೊದಲಿನಿಂದ ಪರೀಕ್ಷೆ. ಈ ಕೆಲಸ ಬಲ್ಲ ಒಬ್ಬರು ನಿಮ್ಮಲ್ಲೇ ಇರಬೇಕು, ಪ್ರತಿ ಸಲ ಹೊರಗಿನವರನ್ನು ಕಾಯುತ್ತಾ ಕೂರಲು ಆಗುವುದಿಲ್ಲ ಅಲ್ವಾ?

ನೀರು ಅಲೆಯನ್ನು ಹೀರುತ್ತದೆ, ಲೋಹ ತಿರುಗಿಸಿ ಕಳಿಸುತ್ತದೆ. ಶಾಂಪೂ ಪೆಟ್ಟಿಗೆಯಲ್ಲಿ ಬಾಟಲಿಗಳ ಕತ್ತಿನ ಸುತ್ತ ಸ್ವಲ್ಪ ಖಾಲಿ ಜಾಗ ಇರುತ್ತದಲ್ಲ, ಆ ಎತ್ತರಕ್ಕೆ ಟ್ಯಾಗ್ ಅಂಟಿಸಿದರೆ ಓದುತ್ತದೆ. ಅದೇ ಟ್ಯಾಗ್ ನಾಲ್ಕು ಬೆರಳು ಕೆಳಗಿದ್ದರೆ ಸತ್ತಂತೆ. ಕಬ್ಬಿಣದ ಟ್ರಾಲಿಗಳಿಗೆ ಲೋಹಕ್ಕೆಂದೇ ಮಾಡಿದ ದಪ್ಪ ಟ್ಯಾಗ್ ಬೇಕು. ದುಬಾರಿ, ಆದರೆ ಟ್ರಾಲಿ ಮರಳಿ ಬರುವುದರಿಂದ ಪರವಾಗಿಲ್ಲ.

ಇನ್ನೊಂದು ಎಚ್ಚರಿಕೆ. ಒಬ್ಬ ಸರಬರಾಜುದಾರರು ಎರಡು ಪೆಟ್ಟಿಗೆಗೆ ಒಂದೇ ನಂಬರ್ ಬರೆದು ಕಳಿಸಿದ್ದರು. ರೀಡರ್ ಪಾಲಿಗೆ ಅದು ಒಂದೇ ಪೆಟ್ಟಿಗೆ, ಲೆಕ್ಕ ತಾಳೆಯಾಗಲೇ ಇಲ್ಲ. ಲೇಬಲ್ ಮೇಲೆ ಬಾರ್‌ಕೋಡ್ ಕೂಡ ಅಚ್ಚಾಗಿರಲಿ, ಇಂಥ ಹೊತ್ತಿಗೆ ಅದೇ ಗತಿ. ರೀಡರ್ ಕೊಳ್ಳುವಾಗ ನಿಮ್ಮ ದೇಶದಲ್ಲಿ ಇದಕ್ಕೆ ಬಿಟ್ಟಿರುವ ಆವರ್ತನದ ಬ್ಯಾಂಡ್‌ನದ್ದೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಅದು 902–928 ಮೆಗಾಹರ್ಟ್ಸ್, ಭಾರತದಲ್ಲಿ 865ರಿಂದ ಶುರು.

ಡೆಮೊವನ್ನು ಮಾರಾಟಗಾರರ ಕಚೇರಿಯಲ್ಲಿ ನೋಡಬೇಡಿ. ನಿಮ್ಮ ಬಾಗಿಲಲ್ಲೇ, ನಿಮ್ಮ ಸರಕಿನಲ್ಲೇ ಮಾಡಿಸಿ. ಪಕ್ಕದಲ್ಲಿ ಬೇರೆ ಆರ್ಡರ್‌ನ ಪ್ಯಾಲೆಟ್ ನಿಲ್ಲಿಸಿ, ಅದರ ಎಷ್ಟು ಟ್ಯಾಗ್ ಪಟ್ಟಿಗೆ ಸೇರಿತು ಅಂತ ಎಣಿಸಿ. ಆಮೇಲೆ ದರದ ಮಾತು.