ಮನೆಯಲ್ಲಿ ಮಾಡಿದ ಮೂರು ಸಾಬೂನು: ಒಣ ಚರ್ಮಕ್ಕೆ ಯಾವುದು ಹಿತ?

ಮೈಸೂರಿನ ಚಳಿಗಾಲದಲ್ಲಿ ಸ್ನಾನವಾಗಿ ಸ್ವಲ್ಪ ಹೊತ್ತಿಗೆಲ್ಲ ಮೊಣಕಾಲಿನ ಕೆಳಗೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಮೂಡುವುದುಂಟು. ಸಾಬೂನು ಚರ್ಮದ ಜಿಡ್ಡನ್ನು ಎಷ್ಟು ತೆಗೆದಿದೆ ಎಂದು ತಿಳಿಯಲು ನಾನು ನೆಚ್ಚಿಕೊಂಡಿರುವುದು ಈ ಗೆರೆಯನ್ನೇ. ಗ್ಲಿಸರಿನ್ ಬೇಸ್ (ಕೊಂಡು ತರುವ ಸಿದ್ಧ ಸಾಬೂನಿನ ಗಟ್ಟಿ) ಕರಗಿಸಿ ಎರೆದ ಸಾಬೂನು, ಬರೀ ಕೊಬ್ಬರಿ ಎಣ್ಣೆಯ ಸಾಬೂನು ಮತ್ತು ಮೂರು ಎಣ್ಣೆಗಳ ಮಿಶ್ರ ಸಾಬೂನುಗಳನ್ನು ಮನೆಯಲ್ಲೇ ಮಾಡಿ, ಬಳಸಿ, ಹೋಲಿಸಿದ್ದೇನೆ.

ಗ್ಲಿಸರಿನ್ ಬೇಸ್ ಎಲ್ಲಕ್ಕಿಂತ ಸುಲಭ. ಎಣ್ಣೆಯನ್ನು ಸಾಬೂನಾಗಿಸುವ ತೀಕ್ಷ್ಣ ಕ್ಷಾರವಾದ ಕಾಸ್ಟಿಕ್ ಸೋಡಾದ (ಮುಂದೆ ಬರೀ ‘ಸೋಡಾ’) ಗೊಡವೆಯಿಲ್ಲ, ಅಚ್ಚಿಗೆ ಎರೆದ ದಿನವೇ ಬಳಸಬಹುದು. ಆದರೆ ಎಣ್ಣೆಯ ಪ್ರಮಾಣ ನಮ್ಮ ಕೈಯಲ್ಲಿರುವುದಿಲ್ಲ; ಗ್ಲಿಸರಿನ್ ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಬಿಲ್ಲೆಯ ಮೇಲೆ ಹನಿಗಟ್ಟುತ್ತದೆ.

ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಹೆಚ್ಚಿರುವುದರಿಂದ ಅದರ ಸಾಬೂನು ಗಟ್ಟಿಯಾಗಿಯೂ ನೊರೆ ತುಂಬಿಯೂ ಇರುತ್ತದೆ, ಹಾಗೆಯೇ ಚರ್ಮವನ್ನು ಒಣಗಿಸುತ್ತದೆ. ಇದನ್ನು ತಗ್ಗಿಸಲು ಸೋಡಾವನ್ನು ಶೇ. 20ರಷ್ಟು ಕಡಿಮೆ ಹಾಕಿ, ಆ ಪಾಲಿನ ಎಣ್ಣೆಯನ್ನು ಸಾಬೂನಾಗದೆ ಉಳಿಸಬೇಕು: 500 ಗ್ರಾಂ ಎಣ್ಣೆಗೆ 73 ಗ್ರಾಂ ಸೋಡಾ. ಇಷ್ಟಾದರೂ ನನ್ನ ಕಾಲಿನ ಮೇಲೆ ಗೆರೆ ಪೂರ್ತಿ ಮಾಯವಾಗಲಿಲ್ಲ. ಆದರೆ ಮಂಡ್ಯದ ಕಡೆಯ ನಮ್ಮ ನೆಂಟರ ಮನೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಉಳಿದೆರಡು ಸಾಬೂನುಗಳು ಮಂಕಾದಾಗಲೂ ಚೆನ್ನಾಗಿ ನೊರೆ ಬಂದದ್ದು ಇದೊಂದರಲ್ಲೇ.

ನನ್ನ ಒಲವು ಮಿಶ್ರ ಸಾಬೂನಿನ ಕಡೆಗೆ. ಕೊಬ್ಬರಿ ಎಣ್ಣೆ 250 ಗ್ರಾಂ, ಎಳ್ಳೆಣ್ಣೆ 200 ಗ್ರಾಂ, ಹರಳೆಣ್ಣೆ 50 ಗ್ರಾಂ; ಸೋಡಾ 74 ಗ್ರಾಂ, ನೀರು 150 ಗ್ರಾಂ. ಇಲ್ಲಿ ಉಳಿಯುವ ಎಣ್ಣೆ ಶೇ. 6ರಷ್ಟು ಮಾತ್ರ, ಆದರೂ ಮೈ ಬಿಗಿಯುವುದಿಲ್ಲ, ಗೆರೆಯೂ ಮೂಡುವುದಿಲ್ಲ. ಉಳಿಸಿದ ಎಣ್ಣೆಗಿಂತಲೂ ಯಾವ ಎಣ್ಣೆ ಸಾಬೂನಾಯಿತು ಎಂಬುದೇ ಮುಖ್ಯವೆಂದು ನಾನು ಹೇಳುವುದು ಇದರಿಂದಲೇ. ಸೋಡಾವನ್ನು ನೀರಿಗೆ ನಿಧಾನವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ದ್ರಾವಣ ಕುದಿಯುವಷ್ಟು ಬಿಸಿಯೇರಿ ಸಿಡಿಯಬಹುದು. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುವುದರಿಂದ ಸ್ಟೀಲ್ ಪಾತ್ರೆಯೇ ಆಗಬೇಕು. ಕೈಗವಸು, ಕನ್ನಡಕ ಕಡ್ಡಾಯ. ದ್ರಾವಣವೂ ಎಣ್ಣೆಯೂ ಉಗುರುಬೆಚ್ಚಗಾದ ಮೇಲೆ ಸೇರಿಸಿ ಕಲಕುತ್ತಿದ್ದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಚಮಚದಿಂದ ಬಿದ್ದ ಎಳೆ ಮೇಲೆಯೇ ಕ್ಷಣಕಾಲ ನಿಂತರೆ ಅಚ್ಚಿಗೆ ಎರೆಯಬಹುದು. ಮರುದಿನ ಕತ್ತರಿಸಿ, ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಒಣಗಿಸಬೇಕು. ಈ ಕಾಯುವಿಕೆ ತಪ್ಪಿದರೆ ಬಿಲ್ಲೆ ಮೆತ್ತಗಾಗಿ ಬೇಗ ಸವೆಯುತ್ತದೆ.

1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ಈ ಊರಿನಲ್ಲಿ ಸಾಬೂನೆಂದರೆ ಶ್ರೀಗಂಧ ನೆನಪಾಗುವುದು ಸಹಜ. ಆದರೆ ಪರಿಮಳದಿಂದ ಚರ್ಮದ ತೇವ ಉಳಿಯುವುದಿಲ್ಲವಾದ್ದರಿಂದ ಮೂರಕ್ಕೂ ಸುವಾಸನೆ ಸೇರಿಸದೆಯೇ ನೋಡಿದೆ. ಮಿಶ್ರ ಸಾಬೂನಿಗೆ ಇರುವ ಕೊರತೆಯೆಂದರೆ ಬಾಳಿಕೆ: ಎಳ್ಳೆಣ್ಣೆ ಬಹಳ ಕಾಲ ಇಟ್ಟರೆ ಕಮಟು ಹಿಡಿಯುವುದರಿಂದ ಕೆಲವು ತಿಂಗಳಲ್ಲಿ ಮುಗಿಯುವಷ್ಟನ್ನೇ ಮಾಡಿಕೊಳ್ಳಬೇಕು.